ಯಾರಿಗೆ ಗೊತ್ತು, ಯಾವಾಗ ಗೊತ್ತು: ಥ್ರಿಲ್ಲರ್ ಚಿತ್ರಗಳ ಕಥನ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಥ್ರಿಲ್ಲರ್ ಚಿತ್ರಗಳನ್ನೂ, ಕಥೆ ಹೇಳುವ ಬಗೆಯನ್ನು ವಿವೇಚಿಸುವ ಕಥನಶಾಸ್ತ್ರವನ್ನೂ ಒಟ್ಟಿಗೆ ಕೇಳಿದವು. ಆದ್ದರಿಂದ ಉಳಿದ ವಿಷಯಗಳನ್ನು ಬದಿಗಿಟ್ಟು ಇಡೀ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ. ಗುಟ್ಟು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ವಿವರಿಸುವಾಗ ಗುಟ್ಟನ್ನು ಮುಚ್ಚಿಟ್ಟುಕೊಳ್ಳಲು ಬರುವುದಿಲ್ಲ. ಆಲ್ಫ್ರೆಡ್ ಹಿಚ್‌ಕಾಕ್‌ನ ‘ವರ್ಟಿಗೋ’, ‘ಸ್ಟೇಜ್ ಫ್ರೈಟ್’ ಮತ್ತು ಮಲಯಾಳದ ‘ದೃಶ್ಯಂ’ ಚಿತ್ರಗಳನ್ನು ಇನ್ನೂ ನೋಡಿಲ್ಲದವರು ಮೊದಲು ಅವುಗಳನ್ನು ನೋಡಿ, ಆಮೇಲೆ ಈ ಪುಟಕ್ಕೆ ಮರಳಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮ ಪಠ್ಯದಲ್ಲಿ ರಷ್ಯಾದ ರೂಪನಿಷ್ಠ ವಿಮರ್ಶಕರ ‘ಫ್ಯಾಬುಲಾ’ ಮತ್ತು ‘ಸುಝೆಟ್’ ಎಂಬ ಎರಡು ಪರಿಕಲ್ಪನೆಗಳಿವೆ. ಎರಡಕ್ಕೂ ‘ಕಥೆ’ ಎಂದೇ ಬರೆದು ಅಂಕ ಕಳೆದುಕೊಂಡಿದ್ದೇನೆ. ಇವೆರಡೂ ನಿಜವಾಗಿ ಬೇರೆಯೇ? ಒಂದು ಥ್ರಿಲ್ಲರ್ ನೋಡುವಾಗ ಈ ವ್ಯತ್ಯಾಸದಿಂದ ಏನಾದರೂ ಉಪಯೋಗವಿದೆಯೇ?
(ಪದವಿ ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಬೇರೆಯೇ. ಆದರೆ ಇವೆರಡರಲ್ಲಿ ಒಂದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಗೊಂದಲ ಹುಟ್ಟುವುದು ಅಲ್ಲಿಂದಲೇ. ಘಟನೆಗಳು ನಡೆದ ಕಾಲಕ್ರಮ ಮತ್ತು ಅವುಗಳ ನಡುವಿನ ಕಾರ್ಯಕಾರಣ ಸಂಬಂಧಕ್ಕೆ ಫ್ಯಾಬುಲಾ ಎಂದು ಹೆಸರು. ಅದೇ ಘಟನೆಗಳು ಓದುಗನ ಅಥವಾ ಪ್ರೇಕ್ಷಕನ ಮುಂದೆ ಬಂದ ಕ್ರಮ, ಬಿಟ್ಟುಹೋದ ತುಣುಕುಗಳು, ತಡವಾಗಿ ಬಂದ ತುಣುಕುಗಳು, ಇವೆಲ್ಲ ಸೇರಿದ ಜೋಡಣೆ ಸುಝೆಟ್. ವಿಕ್ಟರ್ ಶ್ಕ್ಲೋವ್‌ಸ್ಕಿ, ಬೋರಿಸ್ ತೊಮಶೆವ್‌ಸ್ಕಿ ಮೊದಲಾದವರು 1920ರ ದಶಕದಲ್ಲಿ ಸಾಹಿತ್ಯಕ್ಕಾಗಿ ರೂಪಿಸಿದ ಈ ವಿಂಗಡಣೆಯನ್ನು ಅಮೆರಿಕದ ಚಲನಚಿತ್ರ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ 1985ರಲ್ಲಿ ಚಲನಚಿತ್ರಕ್ಕೆ ವಿಸ್ತಾರವಾಗಿ ಅನ್ವಯಿಸಿದರು. ಪರದೆಯ ಮೇಲೆ ಇರುವುದು ಸುಝೆಟ್ ಮಾತ್ರ, ಅದರಿಂದ ಫ್ಯಾಬುಲಾವನ್ನು ಕಟ್ಟಿಕೊಳ್ಳುವವನು ಪ್ರೇಕ್ಷಕ ಎಂಬುದು ಅವರ ವಾದದ ತಿರುಳು.

ಉಪಯೋಗವನ್ನು ತಿಳಿಯಲು ‘ವರ್ಟಿಗೋ’ಗಿಂತ ಒಳ್ಳೆಯ ಚಿತ್ರ ನನಗೆ ಹೊಳೆಯುವುದಿಲ್ಲ. 1958ರಲ್ಲಿ ತೆರೆಕಂಡ ಈ ಚಿತ್ರಕ್ಕೆ ಆಧಾರ ಬ್ವಾಲೋ ಮತ್ತು ನಾರ್ಸೆಜಾಕ್ ಎಂಬ ಜೋಡಿ ಲೇಖಕರ 1954ರ ಫ್ರೆಂಚ್ ಕಾದಂಬರಿ. ಚಿತ್ರದ ಘಟನೆಗಳನ್ನು ನಡೆದ ಕ್ರಮದಲ್ಲಿ ಹೇಳುವುದಾದರೆ ಕಥೆ ಹೀಗಿದೆ. ಗೇವಿನ್ ಎಲ್ಸ್ಟರ್ ಎಂಬ ಶ್ರೀಮಂತನಿಗೆ ತನ್ನ ಹೆಂಡತಿಯನ್ನು ಕೊಲ್ಲಬೇಕಾಗಿದೆ. ಅವನು ಜೂಡಿ ಎಂಬ ಯುವತಿಯನ್ನು ತನ್ನ ಹೆಂಡತಿ ಮೆಡಲೀನ್‌ಳಂತೆ ನಟಿಸಲು ತಯಾರು ಮಾಡುತ್ತಾನೆ. ಎತ್ತರ ಕಂಡರೆ ತಲೆಸುತ್ತಿ ಬರುವ ಮಾಜಿ ಪೊಲೀಸ್ ಅಧಿಕಾರಿ ಸ್ಕಾಟಿಯನ್ನು ಅವಳ ಹಿಂದೆ ಬಿಡುತ್ತಾನೆ. ಸ್ಕಾಟಿ ಏರಲಾಗದ ಗಂಟೆಗೋಪುರದ ಮೇಲಿಂದ ನಿಜವಾದ ಹೆಂಡತಿಯ ದೇಹವನ್ನು ಕೆಳಗೆ ಎಸೆಯುತ್ತಾನೆ. ಸ್ಕಾಟಿ ಅದನ್ನು ಆತ್ಮಹತ್ಯೆ ಎಂದು ನಂಬುತ್ತಾನೆ, ಮನೋರೋಗಕ್ಕೆ ತುತ್ತಾಗುತ್ತಾನೆ, ಕೆಲಕಾಲದ ನಂತರ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಜೂಡಿಯನ್ನು ಕಾಣುತ್ತಾನೆ. ಇಷ್ಟು ಫ್ಯಾಬುಲಾ.

ನಾವು ನೋಡುವ ಚಿತ್ರದಲ್ಲಾದರೋ ಬಹಳ ಹೊತ್ತು ಇದು ಸತ್ತುಹೋದ ಮುತ್ತಜ್ಜಿಯ ಆತ್ಮ ಹೊಕ್ಕ ಹೆಂಗಸೊಬ್ಬಳ ಕಥೆ. ಮೂಲ ಕಾದಂಬರಿ ತನ್ನ ರಹಸ್ಯವನ್ನು ಕೊನೆಯವರೆಗೆ ಕಾಯ್ದುಕೊಳ್ಳುತ್ತದೆ. ಹಿಚ್‌ಕಾಕ್ ಚಿತ್ರ ಮುಗಿಯಲು ಸುಮಾರು ಅರ್ಧ ಗಂಟೆ ಇರುವಾಗಲೇ ಅದನ್ನು ಬಿಚ್ಚಿಬಿಡುತ್ತಾನೆ. ಸ್ಕಾಟಿ ಹೋಟೆಲಿನ ಕೋಣೆಯಿಂದ ಹೊರಗೆ ಹೋದೊಡನೆ ಜೂಡಿ ಕ್ಯಾಮೆರಾದ ಕಡೆಗೆ ಮುಖ ತಿರುಗಿಸುತ್ತಾಳೆ, ಗೋಪುರದ ಮೇಲೆ ನಡೆದದ್ದು ನಮಗೆ ಕಾಣುತ್ತದೆ, ಅವಳು ಎಲ್ಲವನ್ನೂ ಒಪ್ಪಿಕೊಂಡು ಪತ್ರ ಬರೆದು ಅದನ್ನು ಹರಿದುಹಾಕುತ್ತಾಳೆ. ಅಲ್ಲಿಂದ ಮುಂದೆ ನಮಗೆ ಗೊತ್ತು, ಜೂಡಿಗೆ ಗೊತ್ತು, ಸ್ಕಾಟಿಗೆ ಗೊತ್ತಿಲ್ಲ.

ಈ ಒಂದು ಬದಲಾವಣೆಯಿಂದ ಏನಾಯಿತೆಂದು ನೋಡಿ. ಸ್ಕಾಟಿ ಜೂಡಿಗೆ ಮೆಡಲೀನ್‌ಳ ಬೂದುಬಣ್ಣದ ಉಡುಪು ತೊಡಿಸುತ್ತಾನೆ, ಕೂದಲಿಗೆ ಬಣ್ಣ ಹಾಕಿಸುತ್ತಾನೆ, ಕೊನೆಗೆ ಆ ಕೂದಲನ್ನು ಅದೇ ಬಗೆಯಲ್ಲಿ ಕಟ್ಟಿಕೊಳ್ಳಲೇಬೇಕೆಂದು ಹಟ ಹಿಡಿಯುತ್ತಾನೆ. ರಹಸ್ಯ ಗೊತ್ತಿಲ್ಲದೆ ನೋಡಿದ್ದರೆ ಇದು ಒಬ್ಬ ದುಃಖಿತನ ಹುಚ್ಚಾಗಿ ಮಾತ್ರ ಕಾಣುತ್ತಿತ್ತು. ಗೊತ್ತಿದ್ದು ನೋಡುವಾಗ ಅವನು ಒಂದೊಂದು ಹೆಜ್ಜೆ ಸಂತೋಷದ ಕಡೆಗೆ ಹೋದಂತೆಲ್ಲ ಅವಳು ಒಂದೊಂದು ಹೆಜ್ಜೆ ವಿನಾಶದ ಕಡೆಗೆ ಹೋಗುತ್ತಿರುತ್ತಾಳೆ, ಮತ್ತು ಪ್ರೀತಿಯಿಂದ ಅದಕ್ಕೆ ಒಪ್ಪಿಕೊಳ್ಳುತ್ತಿರುತ್ತಾಳೆ. ಫ್ಯಾಬುಲಾದ ಒಂದು ಎಳೆಯೂ ಇಲ್ಲಿ ಅಲುಗಾಡಿಲ್ಲ. ಒಂದು ದೃಶ್ಯ ಮುಂಚೆ ಬಂದಿದೆ, ಅಷ್ಟೇ. ಮುಂದಿನ ಪರೀಕ್ಷೆಯಲ್ಲಿ ಈ ಉದಾಹರಣೆಯನ್ನು ಧೈರ್ಯವಾಗಿ ಬರೆಯಿರಿ.

ಪ್ರಶ್ನೆ: ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದುತ್ತ ಬೆಳೆದವನು ನಾನು. ಕೊಲೆಗಾರ ಯಾರೆಂಬುದು ಕೊನೆಯ ಪುಟದವರೆಗೂ ತಿಳಿಯಬಾರದು ಎಂಬುದು ನಮ್ಮ ಕಾಲದ ನಿಯಮ. ಈಗಿನ ಅನೇಕ ಚಿತ್ರಗಳಲ್ಲಿ ಅದನ್ನು ಮೊದಲೇ ತೋರಿಸಿಬಿಡುತ್ತಾರೆ. ಹಾಗೆ ಮಾಡಿದ ಮೇಲೆ ನೋಡಲು ಉಳಿದದ್ದೇನು?
(ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಮಾನ್ಯರೆ, ತಾವು ಹೇಳಿದ ನಿಯಮ ಸರಿಯಾದದ್ದೇ, ಆದರೆ ಅದು ಒಂದು ಬಗೆಯ ಕಥೆಗೆ ಮಾತ್ರ ಸಲ್ಲುವ ನಿಯಮ. ಬಲ್ಗೇರಿಯಾದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ್ದ ತ್ಸ್ವೆತಾನ್ ತೊದೊರೊವ್ 1966ರಲ್ಲಿ ಪತ್ತೇದಾರಿ ಕಥನದ ಪ್ರಭೇದಗಳನ್ನು ಕುರಿತು ಪ್ರಬಂಧವೊಂದನ್ನು ಬರೆದರು. ಗಾತ್ರದಲ್ಲಿ ಚಿಕ್ಕದಾದರೂ ಈ ವಿಷಯದಲ್ಲಿ ಅದಕ್ಕಿಂತ ಸ್ಪಷ್ಟವಾದ ಬರಹವನ್ನು ನಾನು ಓದಿಲ್ಲ. ಶುದ್ಧ ಪತ್ತೇದಾರಿಯಲ್ಲಿ ಎರಡು ಕಥೆಗಳಿವೆ ಎನ್ನುತ್ತಾರೆ ಅವರು. ಒಂದು ಅಪರಾಧದ ಕಥೆ. ಅದು ಪುಸ್ತಕ ಶುರುವಾಗುವ ಮೊದಲೇ ಮುಗಿದಿರುತ್ತದೆ. ಇನ್ನೊಂದು ತನಿಖೆಯ ಕಥೆ. ಅದು ನಮ್ಮ ಮುಂದಿದೆ, ಆದರೆ ಅದರಲ್ಲಿರುವವರು ಹೆಚ್ಚಾಗಿ ಏನನ್ನೂ ಮಾಡುವುದಿಲ್ಲ, ತಿಳಿದುಕೊಳ್ಳುತ್ತಾರೆ. ಪತ್ತೇದಾರನಿಗೆ ಪ್ರಾಣಭಯವಿಲ್ಲ. ಥ್ರಿಲ್ಲರಿನಲ್ಲಿ ಅಪರಾಧ ಮತ್ತು ಕಥನ ಒಟ್ಟೊಟ್ಟಿಗೆ ನಡೆಯುತ್ತವೆ, ಅಭಯವನ್ನು ಯಾರಿಗೂ ಕೊಟ್ಟಿರುವುದಿಲ್ಲ.

ಇವೆರಡಕ್ಕೆ ತಕ್ಕಂತೆ ನಮ್ಮ ಆಸಕ್ತಿಯೂ ಎರಡು ದಿಕ್ಕಿಗೆ ಹರಿಯುತ್ತದೆ. ಹೆಣ ಬಿದ್ದಿದೆ, ಯಾರು ಕೊಂದರು ಎಂದು ಕಾರ್ಯದಿಂದ ಕಾರಣದ ಕಡೆಗೆ ಹಿಂದೆ ಹೋಗುವುದು ಕುತೂಹಲ. ಕೊಲ್ಲಲು ಬಂದವನು ಬಾಗಿಲಲ್ಲಿದ್ದಾನೆ, ಮುಂದೇನು ಎಂದು ಕಾರಣದಿಂದ ಕಾರ್ಯದ ಕಡೆಗೆ ಮುಂದೆ ಹೋಗುವುದು ನಾವು ಸಸ್ಪೆನ್ಸ್ ಎಂದು ಕರೆಯುವ ಕಾತರ. ಕೊಲೆಗಾರನ ಹೆಸರನ್ನು ಮೊದಲೇ ಹೇಳಿದ ಚಿತ್ರ ತನ್ನ ಬಂಡವಾಳವನ್ನು ಕಳೆದುಕೊಂಡಿಲ್ಲ. ಅದನ್ನು ಕುತೂಹಲದಿಂದ ತೆಗೆದು ಕಾತರದಲ್ಲಿ ತೊಡಗಿಸಿದೆ.

ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋಗೆ ಕೊಟ್ಟ ದೀರ್ಘ ಸಂದರ್ಶನದಲ್ಲಿ ಬಾಂಬಿನ ಉದಾಹರಣೆಯನ್ನು ಕೊಡುತ್ತಾನೆ. ಮೇಜಿನ ಕೆಳಗೆ ಬಾಂಬಿರುವುದು ಯಾರಿಗೂ ಗೊತ್ತಿಲ್ಲದೆ ಅದು ಸಿಡಿದರೆ ಪ್ರೇಕ್ಷಕನಿಗೆ ಸಿಗುವುದು 15 ಸೆಕೆಂಡಿನ ಬೆಚ್ಚಿಬೀಳುವಿಕೆ. ಬಾಂಬ್ ಇಟ್ಟದ್ದನ್ನು ಅವನು ನೋಡಿದ್ದರೆ, ಅದು ಒಂದು ಗಂಟೆಗೆ ಸಿಡಿಯುವುದೆಂದೂ ಗೋಡೆಯ ಗಡಿಯಾರದಲ್ಲಿ ಈಗ ಹನ್ನೆರಡೂ ಮುಕ್ಕಾಲೆಂದೂ ತಿಳಿದಿದ್ದರೆ, ಅದೇ ಮೇಜಿನ ಸುತ್ತ ನಡೆಯುವ ನೀರಸ ಹರಟೆ 15 ನಿಮಿಷ ಉಸಿರು ಹಿಡಿಸುತ್ತದೆ. ಈ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಬೆನ್ನಿಗೇ ಅವನು ಸೇರಿಸಿದ ಅಪವಾದವನ್ನು ಬಹುಪಾಲು ಜನ ಬಿಟ್ಟುಬಿಡುತ್ತಾರೆ: ಅನಿರೀಕ್ಷಿತ ಮುಕ್ತಾಯವೇ ಕಥೆಯ ಶಿಖರವಾಗಿರುವಾಗ ಅದನ್ನು ಮುಚ್ಚಿಡುವುದೇ ಸರಿ ಎಂದೂ ಅವನು ಒಪ್ಪುತ್ತಾನೆ. ಆದ್ದರಿಂದ ತಮ್ಮ ಕಾಲದ ನಿಯಮಕ್ಕೆ ಹಿಚ್‌ಕಾಕ್‌ನ ಸಮ್ಮತಿಯೂ ಇದೆ.

ಹಾಗೆ ನೋಡಿದರೆ ಈ ಕಾತರ ನಮ್ಮ ಜನಕ್ಕೆ ಸಿನಿಮಾದಿಂದ ಬಂದದ್ದಲ್ಲ. ಯಕ್ಷಗಾನದ ಕೀಚಕವಧೆಯನ್ನು ನೆನಪಿಸಿಕೊಳ್ಳಿ. ಕತ್ತಲ ನಾಟ್ಯಶಾಲೆಯಲ್ಲಿ ಸೈರಂಧ್ರಿಯ ಬದಲಿಗೆ ಭೀಮ ಕಾದಿದ್ದಾನೆ ಎಂಬುದು ಚೌಕಿಯ ಹತ್ತಿರ ನಿದ್ದೆಗಣ್ಣಿನಲ್ಲಿ ಕುಳಿತ ಮಗುವಿಗೂ ಗೊತ್ತು. ಗೊತ್ತಿಲ್ಲದವನು ಕೀಚಕನೊಬ್ಬನೇ. ಅವನು ಸಿಂಗರಿಸಿಕೊಳ್ಳುವುದು ಹೆಚ್ಚಾದಷ್ಟೂ, ಸಡಗರದ ಮಾತು ಬೆಳೆದಷ್ಟೂ ನಮ್ಮ ಎದೆ ಬಿಗಿಯಾಗುತ್ತದೆ. ಮೇಜಿನ ಕೆಳಗಿನ ಬಾಂಬ್ ಅಲ್ಲಿ ಭೀಮನ ರೂಪದಲ್ಲಿ ಕೂತಿದೆ.

ಪ್ರಶ್ನೆ: ನಾನು 22 ನಿಮಿಷದ ಕಿರುಚಿತ್ರವೊಂದನ್ನು ಮಾಡಿದ್ದೇನೆ. ನಾಯಕನೇ ಕೊಲೆಗಾರ ಎಂಬುದು ಕೊನೆಯ ಟ್ವಿಸ್ಟ್. ನೋಡಿದವರಲ್ಲಿ ಅನೇಕರು ‘ಟ್ವಿಸ್ಟ್ ಚೆನ್ನಾಗಿದೆ, ಆದರೆ ಮೋಸ ಮಾಡಿದ್ದೀರಿ’ ಎಂದರು. ಮುಚ್ಚಿಡುವುದಕ್ಕೂ ಮೋಸ ಮಾಡುವುದಕ್ಕೂ ನಡುವಿನ ಗೆರೆ ಎಲ್ಲಿದೆ?
(ಕಿರುಚಿತ್ರ ನಿರ್ದೇಶಕರು, ಬೆಂಗಳೂರು)

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ತುಂಬ ಸಂತೋಷ ತಂದಿದೆ, ಏಕೆಂದರೆ ಸಿದ್ಧಾಂತ ಕೈಗೆ ಒದಗುವುದು ಇಂಥ ಕಡೆಯಲ್ಲೇ. ಕೊಂಚ ದೀರ್ಘವಾಗಿ ಉತ್ತರಿಸುತ್ತೇನೆ.

1950ರಲ್ಲಿ ಎರಡು ಚಿತ್ರಗಳು ಬಂದವು. ಹಿಚ್‌ಕಾಕ್‌ನ ‘ಸ್ಟೇಜ್ ಫ್ರೈಟ್’ನ ಆರಂಭದಲ್ಲೇ ಒಬ್ಬ ಯುವಕ ತನ್ನ ಗೆಳತಿಗೆ ಕೊಲೆಯ ವೃತ್ತಾಂತ ಹೇಳುತ್ತಾನೆ, ಅದು ಫ್ಲ್ಯಾಶ್‌ಬ್ಯಾಕ್ ಆಗಿ ನಮ್ಮ ಕಣ್ಣ ಮುಂದೆ ನಡೆಯುತ್ತದೆ. ಕೊನೆಗೆ ನೋಡಿದರೆ ಆ ವೃತ್ತಾಂತ ಸುಳ್ಳು, ಕೊಲೆಗಾರ ಅವನೇ. ಪ್ರೇಕ್ಷಕರು ಇದನ್ನು ಕ್ಷಮಿಸಲಿಲ್ಲ. ಮಾಡಬಾರದ ಕೆಲಸ ಮಾಡಿದೆ ಎಂದು ಹಿಚ್‌ಕಾಕ್ ತ್ರುಫೋ ಮುಂದೆ ತಾನೇ ಒಪ್ಪಿಕೊಂಡ. ಅದೇ ವರ್ಷ ಜಪಾನಿನಲ್ಲಿ ಅಕಿರಾ ಕುರೊಸಾವಾ ‘ರಶೋಮನ್’ ತೆಗೆದರು. ಅದರಲ್ಲಿ ಒಂದೇ ಸಾವಿಗೆ ಒಂದಕ್ಕೊಂದು ಹೊಂದದ ಹಲವು ಸಾಕ್ಷ್ಯಗಳಿವೆ, ಎಲ್ಲವೂ ನಮ್ಮ ಕಣ್ಣ ಮುಂದೆಯೇ ನಡೆಯುತ್ತವೆ, ಎಲ್ಲವೂ ನಿಜವಾಗಿರಲು ಸಾಧ್ಯವೇ ಇಲ್ಲ. ಆದರೂ ಅದನ್ನು ಮೋಸ ಎಂದು ಯಾರೂ ಹೇಳಲಿಲ್ಲ. ಕಾರಣ ಸರಳವಾಗಿದೆ: ‘ರಶೋಮನ್’ ಮೊದಲ ನಿಮಿಷಗಳಲ್ಲೇ, ಮಳೆಯಲ್ಲಿ ನೆನೆದ ಆ ಹೆಬ್ಬಾಗಿಲಿನ ಕೆಳಗೆ, ಇಲ್ಲಿ ಹೇಳುವವರ ಮಾತನ್ನು ನಂಬುವುದೇ ಕಷ್ಟದ ವಿಷಯ ಎಂದು ನಮ್ಮೊಡನೆ ಒಪ್ಪಂದ ಮಾಡಿಕೊಳ್ಳುತ್ತದೆ. ‘ಸ್ಟೇಜ್ ಫ್ರೈಟ್’ ಅಂಥ ಒಪ್ಪಂದವಿಲ್ಲದೆ ಕ್ಯಾಮೆರಾದ ಸಾಕ್ಷಿಯನ್ನು ಒಬ್ಬನ ಸುಳ್ಳಿಗೆ ಎರವಲು ಕೊಟ್ಟಿತು. ಅದು ಪಾತ್ರದ ಸುಳ್ಳಾಗಿ ಉಳಿಯದೆ ಚಿತ್ರದ್ದೇ ಸುಳ್ಳಾಯಿತು.

ಫ್ರೆಂಚ್ ವಿದ್ವಾಂಸ ಜೆರಾರ್ ಜೆನೆಟ್ 1972ರಲ್ಲಿ ಪ್ರಕಟಿಸಿದ ಕಥನ ವಿವೇಚನೆಯಲ್ಲಿ ‘ಯಾರು ಹೇಳುತ್ತಿದ್ದಾರೆ’ ಮತ್ತು ‘ಯಾರು ನೋಡುತ್ತಿದ್ದಾರೆ’ ಎಂಬ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದರು. ಯಾರ ದೃಷ್ಟಿಯ ಮೂಲಕ ಕಥೆ ನಮಗೆ ತಲುಪುತ್ತಿದೆಯೋ ಆ ದೃಷ್ಟಿಯೊಳಗೆ ಸಹಜವಾಗಿ ಇರಲೇಬೇಕಾದ ಮಾಹಿತಿಯನ್ನು ಬಿಟ್ಟು ಹೇಳುವುದಕ್ಕೆ ಅವರು ‘ಪ್ಯಾರಲಿಪ್ಸಿಸ್’ ಎಂಬ ಹಳೆಯ ಅಲಂಕಾರಶಾಸ್ತ್ರದ ಹೆಸರನ್ನು ಕೊಡುತ್ತಾರೆ. ಇದು ಸುಳ್ಳಲ್ಲ, ಮೌನ. ಮೌನಕ್ಕೆ ಕಥೆಗಾರನಿಗೆ ಹಕ್ಕಿದೆ. ಆದರೆ ನಾಯಕನ ಮನಸ್ಸಿನೊಳಗೇ ನಮ್ಮನ್ನು ಕೂರಿಸಿ, ಅವನೊಬ್ಬನೇ ಇರುವಾಗಿನ ಭಯವನ್ನೂ ಕನಸನ್ನೂ ತೋರಿಸಿ, ಕೊಲೆಯ ನೆನಪೊಂದನ್ನು ಮಾತ್ರ ಅಲ್ಲಿಂದ ಎತ್ತಿಬಿಟ್ಟರೆ ಮೌನಕ್ಕೂ ಸುಳ್ಳಿನ ಬಣ್ಣ ಬರುತ್ತದೆ. ತಮ್ಮ ಚಿತ್ರದಲ್ಲಿ ನಾಯಕ ಒಂಟಿಯಾಗಿರುವ ದೃಶ್ಯಗಳೆಷ್ಟು, ಅಲ್ಲಿ ಅವನು ಯಾರ ಮುಂದೆ ನಿರಪರಾಧಿಯಂತೆ ನಡೆದುಕೊಳ್ಳುತ್ತಿದ್ದಾನೆ ಎಂದು ಪರಿಶೀಲಿಸಿ. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಅವನು ನಟಿಸುತ್ತಿರುವುದು ಪ್ರೇಕ್ಷಕನಿಗೋಸ್ಕರ. ‘ಮೋಸ’ ಎಂಬ ಮಾತು ಬಂದಿರುವುದು ಹೆಚ್ಚಾಗಿ ಆ ದೃಶ್ಯಗಳಿಂದಲೇ ಎಂದು ನನ್ನ ಊಹೆ.

ಇನ್ನು ಮುಚ್ಚಿಡುವ ಕೆಲಸವನ್ನು ಹದವಾಗಿ ಮಾಡಿದ ಚಿತ್ರ ‘ದೃಶ್ಯಂ’. ಜೀತು ಜೋಸೆಫ್ 2013ರಲ್ಲಿ ಮಲಯಾಳದಲ್ಲಿ ಮಾಡಿದ ಇದು ಮರುವರ್ಷ ಪಿ. ವಾಸು ನಿರ್ದೇಶನದಲ್ಲಿ ರವಿಚಂದ್ರನ್ ನಟಿಸಿದ ‘ದೃಶ್ಯ’ವಾಗಿ ಕನ್ನಡಕ್ಕೂ ಬಂದದ್ದು ತಮಗೆ ಗೊತ್ತಿದೆ. ಕೊಲೆ ಹೇಗಾಯಿತು, ಯಾರ ಕೈಯಿಂದ ಆಯಿತು, ಹೆಣವನ್ನು ಎಲ್ಲಿ ಹೂತರು ಎಂಬುದೆಲ್ಲ ನಮಗೆ ಕಾಣುತ್ತದೆ. ಎಲ್ಲವನ್ನೂ ನೋಡಿದ ತೃಪ್ತಿಯಲ್ಲಿ ನಾವು ಕುಟುಂಬದ ಪಕ್ಷ ವಹಿಸಿ, ಪೊಲೀಸರು ಯಾವಾಗ ಹಿಡಿಯುತ್ತಾರೋ ಎಂಬ ಕಾತರದಲ್ಲಿ ಮುಳುಗುತ್ತೇವೆ. ಹಿತ್ತಲನ್ನು ಅಗೆದಾಗ ಪ್ರಾಣಿಯೊಂದರ ಕಳೇಬರ ಸಿಕ್ಕಾಗ ಮಾತ್ರ, ನಾವು ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಯೊಂದು ಇತ್ತೆಂದು ಅರಿವಾಗುತ್ತದೆ. ಉತ್ತರ ಕೊನೆಯ ದೃಶ್ಯದಲ್ಲಿ ಬರುತ್ತದೆ: ಹೊಸದಾಗಿ ಕಟ್ಟಿದ ಪೊಲೀಸ್ ಠಾಣೆಯ ನೆಲದಡಿ. ಆ ಕಟ್ಟಡ ಮೊದಲಿನಿಂದಲೂ ನಮ್ಮ ಕಣ್ಣ ಮುಂದೆಯೇ ಇತ್ತು. ಚಿತ್ರ ಒಂದು ಉತ್ತರವನ್ನು ಉದಾರವಾಗಿ ಕೊಟ್ಟು, ಆ ಔದಾರ್ಯದ ಮರೆಯಲ್ಲಿ ಇನ್ನೊಂದು ಪ್ರಶ್ನೆಯನ್ನೇ ಅಡಗಿಸಿಟ್ಟಿತು. ಒಂದೂ ಸುಳ್ಳು ದೃಶ್ಯವಿಲ್ಲ. ಕುಟುಂಬದವರಿಗೂ ಆ ಸಂಗತಿ ತಿಳಿಯದಂತೆ ತಂದೆ ನೋಡಿಕೊಂಡಿದ್ದರಿಂದ, ಅವರ ಜೊತೆಗಿದ್ದ ನಮಗೂ ತಿಳಿಯದೇ ಹೋದದ್ದು ನ್ಯಾಯವೇ ಆಯಿತು.

ಹಿಚ್‌ಕಾಕ್‌ನ ‘ರಿಯರ್ ವಿಂಡೋ’ (1954) ಇದಕ್ಕೂ ಸೂಕ್ಷ್ಮವಾದ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಕಾಲು ಮುರಿದುಕೊಂಡು ಕಿಟಕಿಯ ಬಳಿ ಕುಳಿತ ಛಾಯಾಗ್ರಾಹಕ ಜೆಫ್ ಕಂಡಷ್ಟನ್ನೇ ನಾವು ಹೆಚ್ಚುಕಡಿಮೆ ಇಡೀ ಚಿತ್ರದಲ್ಲಿ ಕಾಣುತ್ತೇವೆ. ಆದರೆ ಒಂದು ಸಲ, ಅವನು ನಿದ್ದೆ ಹೋಗಿರುವಾಗ, ಎದುರು ಮನೆಯ ಥಾರ್‌ವಾಲ್ಡ್ ಒಬ್ಬ ಹೆಂಗಸಿನೊಂದಿಗೆ ಹೊರಗೆ ಹೋಗುವುದನ್ನು ಕ್ಯಾಮೆರಾ ನಮಗೆ ಮಾತ್ರ ತೋರಿಸುತ್ತದೆ. ಅವಳು ಅವನ ಹೆಂಡತಿಯೇ ಇರಬಹುದಲ್ಲ, ಹಾಗಾದರೆ ಕೊಲೆ ಎಂಬುದೇ ಜೆಫ್‌ನ ಭ್ರಮೆಯಲ್ಲವೇ ಎಂಬ ಅನುಮಾನ ನಮ್ಮಲ್ಲಿ ಮೂಡುತ್ತದೆ. ನಾಯಕನಿಗಿಂತ ಹೆಚ್ಚು ತಿಳಿದ ನಾವೇ ತಪ್ಪು ತಿಳಿಯುತ್ತೇವೆ. ನಿಜವನ್ನೇ ತೋರಿಸಿ ದಾರಿ ತಪ್ಪಿಸಿದ ಈ ಕುಶಲತೆಯನ್ನು ದಯವಿಟ್ಟು ಮತ್ತೆ ಮತ್ತೆ ನೋಡಿ.

ಒಂದು ಕೆಲಸ ಮಾಡಿ. ತಮ್ಮ ಚಿತ್ರಕಥೆಯ ಪ್ರತಿ ದೃಶ್ಯದ ಪಕ್ಕದಲ್ಲಿ ‘ಪ್ರೇಕ್ಷಕನಿಗೆ ಏನು ಗೊತ್ತು’, ‘ನಾಯಕನಿಗೆ ಏನು ಗೊತ್ತು’, ‘ಉಳಿದವರಿಗೆ ಏನು ಗೊತ್ತು’ ಎಂದು ಮೂರು ಕಾಲಂಗಳನ್ನು ಬರೆದು ತುಂಬಿಸಿ. ಮೊದಲ ಎರಡು ಕಾಲಂಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲಿ, ಬೇರೆಯಾಗಲು ಕಥೆಯೊಳಗಿನ ಕಾರಣವೊಂದು ಬೇಕು. ಟ್ವಿಸ್ಟ್ ಉಳಿಯಬೇಕು ಎಂಬುದು ತಮ್ಮ ಕಾರಣವೇ ಹೊರತು ಕಥೆಯ ಕಾರಣವಲ್ಲ.

ಪ್ರಶ್ನೆ: ರಷ್ಯಾದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ಹೇಳಿದ 31 ಕಾರ್ಯಗಳನ್ನು (ಕಥೆಗಳಲ್ಲಿ ಮರುಕಳಿಸುವ ಕ್ರಿಯೆಗಳನ್ನು) ಥ್ರಿಲ್ಲರ್ ಚಿತ್ರಗಳಿಗೆ ಹೊಂದಿಸಿ ನೋಡಬಹುದೇ?
(ಜಾನಪದ ಸಂಶೋಧಕರು, ಧಾರವಾಡ)

ಉತ್ತರ: 31ನ್ನೂ ಹೊಂದಿಸಲು ಹೊರಡಬೇಡಿ. ಪ್ರಾಪ್ 1928ರಲ್ಲಿ ಆ ಪಟ್ಟಿಯನ್ನು ಮಾಡಿದ್ದು ರಷ್ಯಾದ ಮಾಂತ್ರಿಕ ಕಥೆಗಳಿಗಾಗಿ; ಅದನ್ನು ಎಲ್ಲ ಕಡೆಗೂ ಎಳೆದರೆ ಬಟ್ಟೆ ಹರಿಯುತ್ತದೆ. ಆದರೆ ಅವರ ಇನ್ನೊಂದು ಮಾತು ಥ್ರಿಲ್ಲರಿಗೆ ಚಿನ್ನದಂಥದ್ದು. ಖಳ, ದಾನಿ, ಸಹಾಯಕ, ನಾಯಕನನ್ನು ಕೆಲಸಕ್ಕೆ ಕಳುಹಿಸುವವನು, ಹುಸಿನಾಯಕ ಮುಂತಾದ ಏಳು ಪಾತ್ರಗಳು ವ್ಯಕ್ತಿಗಳಲ್ಲ, ಕ್ರಿಯೆಯ ವಲಯಗಳು. ಒಬ್ಬನೇ ವ್ಯಕ್ತಿ ಎರಡು ವಲಯಗಳಲ್ಲಿ ಓಡಾಡಬಹುದು ಎನ್ನುತ್ತಾರೆ ಅವರು. ನಾವು ಟ್ವಿಸ್ಟ್ ಎನ್ನುವುದರ ಬಹುಪಾಲು ಇಷ್ಟೇ. ‘ವರ್ಟಿಗೋ’ದ ಎಲ್ಸ್ಟರ್ ನಾಯಕನನ್ನು ಕೆಲಸಕ್ಕೆ ಕಳುಹಿಸುವವನಾಗಿ ಬಂದು, ಖಳನಾಗಿದ್ದನೆಂದು ಆಮೇಲೆ ತಿಳಿಯುತ್ತದೆ.

ಪ್ರಶ್ನೆ: ನಾಟಕದ ಕಥೆಯನ್ನು ಐದು ಘಟ್ಟಗಳಾಗಿ ವಿಂಗಡಿಸುವ ಭರತಮುನಿಯ ಪಂಚಸಂಧಿಗಳು ನಮ್ಮಲ್ಲಿರುವಾಗ ಪ್ಯಾರಿಸ್ಸಿನ ಸಿದ್ಧಾಂತಗಳು ನಮಗೆ ಏತಕ್ಕೆ ಬೇಕು?
(ಸಂಸ್ಕೃತ ಉಪನ್ಯಾಸಕರು, ಉಡುಪಿ)

ಉತ್ತರ: ಗೌರವಾನ್ವಿತರೆ, ಎರಡೂ ಬೇಕು, ಏಕೆಂದರೆ ಅವು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತವೆ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಸಂಧಿಗಳೂ ಅವುಗಳಿಗೆ ಹೊಂದಿಕೊಂಡ ಪ್ರಾರಂಭದಿಂದ ಫಲಾಗಮದವರೆಗಿನ ಅವಸ್ಥೆಗಳೂ ಕಥಾವಸ್ತು ಫಲದ ಕಡೆಗೆ ಹೇಗೆ ಚಲಿಸುತ್ತದೆ ಎಂಬುದನ್ನು ಅಳೆಯುತ್ತವೆ. ಸಿಕ್ಕಿತು ಎನ್ನುವಷ್ಟರಲ್ಲಿ ಕೈತಪ್ಪಿ ಮತ್ತೆ ಹುಡುಕಾಟ ಶುರುವಾಗುವ ಗರ್ಭಸಂಧಿಯ ವರ್ಣನೆಯನ್ನು ಓದುವಾಗ, ಒಂದು ಒಳ್ಳೆಯ ಥ್ರಿಲ್ಲರಿನ ನಡುಭಾಗವನ್ನು ಯಾರೋ ನೋಡಿ ಬರೆದಂತಿದೆ ಎನ್ನಿಸುತ್ತದೆ. ನಿರ್ವಹಣದಲ್ಲಿ ಅದ್ಭುತರಸ ಇರಬೇಕೆಂಬ ಭರತನ ಸೂಚನೆಯೂ ಹಾಗೆಯೇ. ಶಂಕೆ, ವಿತರ್ಕ, ತ್ರಾಸ, ಆವೇಗ, ಔತ್ಸುಕ್ಯ ಎಂದು ನಮ್ಮವರು ವ್ಯಭಿಚಾರಿ ಭಾವಗಳನ್ನು, ಎಂದರೆ ಬಂದುಹೋಗುವ ಭಾವಗಳನ್ನು, ಬಿಡಿಸಿ ಹೆಸರಿಸಿದಷ್ಟು ನಯವಾಗಿ ಪಶ್ಚಿಮದ ಕಥನಶಾಸ್ತ್ರಜ್ಞರು ಕಾತರವನ್ನು ಬಿಡಿಸಿಲ್ಲ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಆದರೆ ಪ್ರೇಕ್ಷಕನಿಗೆ ಯಾವ ಹೊತ್ತಿನಲ್ಲಿ ಎಷ್ಟು ಗೊತ್ತಿರಬೇಕು ಎಂಬುದು ಸಂಧಿಗಳ ಅಳತೆಗೆ ಸಿಗುವುದಿಲ್ಲ. ನಾಟ್ಯಶಾಸ್ತ್ರದಲ್ಲಿ ಅದರ ಹತ್ತಿರಕ್ಕೆ ಬರುವುದು ಪತಾಕಾಸ್ಥಾನಕ, ಎಂದರೆ ಒಂದನ್ನು ಎಣಿಸುತ್ತಿರುವಾಗ ಇನ್ನೊಂದು ಅದಕ್ಕೆ ತಾನಾಗಿ ಬಂದು ತಗಲುವುದು. ವಿಶಾಖದತ್ತನ ‘ಮುದ್ರಾರಾಕ್ಷಸ’ದ ಮೊದಲ ಅಂಕದಲ್ಲಿ ನಂದರ ಮಂತ್ರಿಯಾಗಿದ್ದ, ರಾಕ್ಷಸ ಎಂಬ ಹೆಸರಿನ ತನ್ನ ಎದುರಾಳಿ ಸೆರೆಸಿಕ್ಕಾನೆಯೇ ಎಂದು ಚಾಣಕ್ಯ ತನ್ನೊಳಗೇ ಎಣಿಸುತ್ತಿರುವಾಗ ಅವನ ಗೂಢಚಾರ ಸಿದ್ಧಾರ್ಥಕ ಒಳಗೆ ಬಂದು, ತನಗೆ ಒಪ್ಪಿಸಿದ ಸಂದೇಶವನ್ನು ಕುರಿತು, ‘ಗ್ರಹಿಸಿದ್ದಾಯಿತು’ ಎಂಬರ್ಥದ ಮಾತಾಡುತ್ತಾನೆ; ಆ ಮಾತಿಗೆ ‘ಹಿಡಿದದ್ದಾಯಿತು’ ಎಂಬ ಅರ್ಥವೂ ಇದೆ. ಮಾತು ಸಂದೇಶಕ್ಕೆ, ಕಿವಿಗೆ ಬೀಳುವುದು ರಾಕ್ಷಸನ ಭವಿಷ್ಯ.

ಆ ನಾಟಕವೇ ತಮ್ಮ ಪ್ರಶ್ನೆಗೆ ಚೆಲುವಾದ ಉತ್ತರ. ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರುವುದನ್ನೂ, ಹೆಸರುಗಳಿಲ್ಲದ ಪತ್ರವೊಂದನ್ನು ಬರೆಸಿ ಅದಕ್ಕೆ ಆ ಮುದ್ರೆಯನ್ನು ಒತ್ತುವುದನ್ನೂ ನಾವು ಮೊದಲ ಅಂಕದಲ್ಲೇ ನೋಡುತ್ತೇವೆ. ತನ್ನ ಗೆಳೆಯ ಶಕಟದಾಸನನ್ನು ಶೂಲದಿಂದ ಪಾರುಮಾಡಿದವನೆಂಬ ಕೃತಜ್ಞತೆಯಿಂದ ರಾಕ್ಷಸ ಸಿದ್ಧಾರ್ಥಕನನ್ನು ಬಳಿಗೆ ಸೇರಿಸಿಕೊಳ್ಳುವಾಗ, ಅವನು ಚಾಣಕ್ಯನ ಆಳು ಎಂಬುದು ನಮಗೆ ಗೊತ್ತು, ರಾಕ್ಷಸನಿಗೆ ಗೊತ್ತಿಲ್ಲ. ಆ ಪತ್ರ ಸಿಡಿಯುವುದು ಐದನೆಯ ಅಂಕದಲ್ಲಿ, ರಾಕ್ಷಸ ಆಶ್ರಯಿಸಿದ್ದ ರಾಜಕುಮಾರ ಮಲಯಕೇತುವಿನ ಮುಂದೆ. ಬಾಂಬನ್ನು ನಾಲ್ಕು ಅಂಕಗಳ ಹಿಂದೆಯೇ ಪ್ರೇಕ್ಷಕನಿಗೆ ತೋರಿಸಿಟ್ಟ ಈ ನಾಟಕವನ್ನು ಕೆಂಪುನಾರಾಯಣ 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯಾಗಿ ಕನ್ನಡಕ್ಕೆ ತಂದ. ಪ್ರಯೋಗ ನಮ್ಮಲ್ಲಿ ಸಮೃದ್ಧವಾಗಿತ್ತು. ಅದನ್ನು ಹೀಗೆ ಬಿಡಿಸಿ ನೋಡಲು ಕೆಲವು ಉಪಕರಣಗಳು ಪ್ಯಾರಿಸ್ಸಿನಿಂದ ಬಂದಿದ್ದರೆ ಕೈಗೆತ್ತಿಕೊಳ್ಳಲು ಹಿಂಜರಿಯಬೇಕಿಲ್ಲ.

ಪ್ರಶ್ನೆ: ಇಂಟರ್ವಲ್ ಎಂಬುದು ಥ್ರಿಲ್ಲರಿನ ಬಿಗಿಯನ್ನು ಸಡಿಲಿಸುವುದಿಲ್ಲವೇ?
(ಚಿತ್ರಮಂದಿರದ ನೌಕರರು, ದಾವಣಗೆರೆ)

ಉತ್ತರ: ಎಲ್ಲಿ ನಿಲ್ಲಿಸಿದರು ಎಂಬುದರ ಮೇಲೆ ಹೋಗುತ್ತದೆ. ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1970ರಲ್ಲಿ ಬಾಲ್ಜಾಕನ ಒಂದು ಕಥೆಯನ್ನು 561 ತುಣುಕುಗಳಾಗಿ ಬಿಡಿಸಿ ಓದಿದರು. ಒಗಟನ್ನು ಒಡ್ಡಿ ಉತ್ತರವನ್ನು ಮುಂದೂಡುವ ತಂತ್ರಗಳನ್ನು ಆ ಓದಿನಲ್ಲಿ ಹೆಸರಿಟ್ಟು ಗುರುತಿಸಿದರು: ಬಲೆ, ದ್ವಂದ್ವಾರ್ಥ, ಅರ್ಧ ಉತ್ತರ, ತಡೆಹಿಡಿದ ಉತ್ತರ. ತಡೆಹಿಡಿದ ಉತ್ತರದ ಜಾಗದಲ್ಲಿ ದೀಪ ಹತ್ತಿದರೆ ಆ ಹದಿನೈದು ನಿಮಿಷ ಕಥೆಯದ್ದೇ ಭಾಗವಾಗುತ್ತದೆ. ಜನ ಟೀ ಕುಡಿಯುತ್ತ ಫ್ಯಾಬುಲಾ ಕಟ್ಟುತ್ತಾರೆ. ಚಲನಚಿತ್ರ ವಿದ್ವಾಂಸೆ ಲಲಿತಾ ಗೋಪಾಲನ್ 2002ರ ತಮ್ಮ ಪುಸ್ತಕದಲ್ಲಿ ಹಾಡು, ಇಂಟರ್ವಲ್ ಮುಂತಾದ ತಡೆಗಳನ್ನು ಭಾರತೀಯ ಚಿತ್ರದ ಕೊರತೆಯೆಂದು ಎಣಿಸದೆ ಅದರ ರಚನೆಯಾಗಿಯೇ ಓದಿದ್ದಾರೆ. ಬಾಗಿಲಲ್ಲಿ ನಿಂತು ಜನರ ಮಾತು ಕೇಳುವ ತಮಗೆ, ಯಾವ ಚಿತ್ರದ ಇಂಟರ್ವಲ್ ಸರಿಯಾದ ಜಾಗದಲ್ಲಿ ಬಿದ್ದಿದೆ ಎಂಬುದು ವಿಮರ್ಶಕರಿಗಿಂತ ಮೊದಲೇ ತಿಳಿಯುತ್ತಿರಬೇಕು.

ಪ್ರಶ್ನೆ: ಕೊನೆ ಏನೆಂದು ಗೊತ್ತಿದ್ದೂ ಕೆಲವು ಚಿತ್ರಗಳನ್ನು ಎರಡನೆಯ, ಮೂರನೆಯ ಸಲ ನೋಡುವಾಗಲೂ ನನ್ನ ಎದೆ ಬಡಿದುಕೊಳ್ಳುತ್ತದೆ. ಮಕ್ಕಳು ನಗುತ್ತಾರೆ. ಇದಕ್ಕೆ ಅರ್ಥವಿದೆಯೇ?
(ಗೃಹಿಣಿ, ಹುಬ್ಬಳ್ಳಿ)

ಉತ್ತರ: ಖಂಡಿತ ಇದೆ, ಅಮ್ಮಾ. ಅನಿಶ್ಚಿತತೆ ಇಲ್ಲದೆ ಕಾತರ ಹೇಗೆ ಸಾಧ್ಯ ಎಂಬ ಈ ಒಗಟಿನ ಬಗ್ಗೆ ತತ್ವಶಾಸ್ತ್ರಜ್ಞರೂ ಮನೋವಿಜ್ಞಾನಿಗಳೂ ವಾದ ಮಾಡಿದ್ದಾರೆ. ರಿಚರ್ಡ್ ಗೆರಿಗ್ ಎಂಬ ಮನೋವಿಜ್ಞಾನಿಯ ಪ್ರಕಾರ, ಕಥೆಯೊಳಗೆ ಹೊಕ್ಕಾಗ ನಮ್ಮ ಮನಸ್ಸು ಪ್ರತಿ ಘಟನೆಯನ್ನೂ ಹೊಸದರಂತೆ ಎದುರಿಸುತ್ತದೆ, ಗೊತ್ತಿರುವ ಕೊನೆಯನ್ನು ಆ ಗಳಿಗೆಯಲ್ಲಿ ಕರೆತರುವುದಿಲ್ಲ. ನೋಯೆಲ್ ಕ್ಯಾರಲ್ ಎಂಬ ದಾರ್ಶನಿಕರಿಗೆ, ನ್ಯಾಯವಾದದ್ದು ಸೋಲುವ ಸಾಧ್ಯತೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ಸಾಕು, ಕಾತರಕ್ಕೆ ಅಷ್ಟೇ ನೆಲ.

ನನಗೆ ಇನ್ನೂ ಹತ್ತಿರವೆನಿಸುವುದು ಕಾಶ್ಮೀರದ ರಸಶಾಸ್ತ್ರಜ್ಞ ಅಭಿನವಗುಪ್ತನ ವಿವರಣೆ. ಶಾಕುಂತಲದ ಆರಂಭದಲ್ಲಿ ಕೊರಳು ಹೊರಳಿಸಿ ಹಿಂದೆ ನೋಡುತ್ತ ಓಡುವ ಜಿಂಕೆಯ ಪದ್ಯವನ್ನು ತೆಗೆದುಕೊಂಡು, ಅಲ್ಲಿನ ಭಯ ಆ ಜಿಂಕೆಯದೂ ಅಲ್ಲ, ನಮ್ಮದೂ ಅಲ್ಲ, ದೇಶಕಾಲಗಳ ಕಟ್ಟು ಕಳಚಿದ ಭಯವೇ ಅಲ್ಲಿ ಆಸ್ವಾದಕ್ಕೆ ಬರುತ್ತದೆ ಎನ್ನುತ್ತಾನೆ ಅವನು. ಆ ಜಿಂಕೆ ಬದುಕುತ್ತದೆಂದು ತಿಳಿದವನಿಗೂ ಪದ್ಯ ಪ್ರತಿ ಸಲ ತಲ್ಲಣ ತರುತ್ತದೆ. ‘ಸೈಕೋ’ (1960) ಚಿತ್ರದಲ್ಲಿ ನಾರ್ಮನ್ ಹೆಣವಿರುವ ಕಾರನ್ನು ಜೌಗಿಗೆ ತಳ್ಳುತ್ತಾನೆ, ಮುಳುಗುತ್ತಿದ್ದ ಕಾರು ಒಂದು ಕ್ಷಣ ನಿಂತುಬಿಡುತ್ತದೆ. ಅದು ಮುಳುಗಿಯೇ ಮುಳುಗುತ್ತದೆ ಎಂದು ನನಗೆ ಎಷ್ಟೋ ಸಲ ನೋಡಿ ಗೊತ್ತು. ಆದರೂ ಆ ಕ್ಷಣದಲ್ಲಿ ನನ್ನ ಉಸಿರು ನಿಲ್ಲುತ್ತದೆ, ಅದೂ ಅಪರಾಧವನ್ನು ಮುಚ್ಚುತ್ತಿರುವವನ ಪರವಾಗಿ.

ಮೇಲಾಗಿ, ಎರಡನೆಯ ಸಲ ನೀವು ನೋಡುತ್ತಿರುವುದು ಮೊದಲು ನೋಡಿದ ಚಿತ್ರವನ್ನೇ ಅಲ್ಲ. ಶಿವಮೊಗ್ಗದ ವಿದ್ಯಾರ್ಥಿನಿಗೆ ಹೇಳಿದ ‘ವರ್ಟಿಗೋ’ಗೇ ಮರಳುತ್ತೇನೆ. ರೆಸ್ಟೋರೆಂಟಿನಲ್ಲಿ ಮೆಡಲೀನ್ ಮೊದಲ ಸಲ ಸ್ಕಾಟಿಯ ಪಕ್ಕದಲ್ಲೇ ಬಂದು ಒಂದು ಗಳಿಗೆ ನಿಲ್ಲುತ್ತಾಳೆ. ಮೊದಲ ನೋಟದಲ್ಲಿ ಅದು ಚೆಲುವೆಯೊಬ್ಬಳ ಅನ್ಯಮನಸ್ಕತೆ. ಎರಡನೆಯ ನೋಟದಲ್ಲಿ ಅವಳು ಜೂಡಿ, ಅವನ ಕಣ್ಣಿಗೆ ಬೀಳಲೆಂದೇ ಅಲ್ಲಿ ನಿಂತಿದ್ದಾಳೆ. ಗೋಪುರದ ಕಡೆಗೆ ಓಡುವ ಮೊದಲು ಅವಳು, ಇದು ಹೀಗಾಗಬೇಕಾಗಿರಲಿಲ್ಲ ಎಂದು ಅವನಿಗೆ ಹೇಳುತ್ತಾಳೆ. ಮೊದಲ ಸಲ ನೋಡುವವರಿಗೆ ಅದು ಮುತ್ತಜ್ಜಿಯ ಆತ್ಮಕ್ಕೆ ಸಿಕ್ಕಿದವಳ ಪ್ರಲಾಪವಾಗಿ ಕೇಳಿಸುತ್ತದೆ. ನಿಮಗೆ ಅದು, ಮೋಸ ಮಾಡಲು ಬಂದು ಪ್ರೀತಿಸಿಬಿಟ್ಟ ಹುಡುಗಿಯೊಬ್ಬಳು ಸ್ಕಾಟಿಗೆ ಅರ್ಥವಾಗಲಾರದೆಂದು ತಿಳಿದೇ ಆಡಿದ ನಿಜವಾದ ಮಾತಾಗಿ ಕೇಳಿಸುತ್ತದೆ.